ಸಹಾಯ ಬೇಕು: ಜಿಂಕ್ ಬೆರೆಸಿದ ವೈಬಿಸಿಒದಲ್ಲಿ ಇಟ್ರಿಯಮ್ ಎನ್‌ಎಂಆರ್

ನಮಸ್ಕಾರ. ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟ ನ್ಯೂಕ್ಲಿಯಸ್‌ಗಳ ರೇಡಿಯೋ ಸಿಗ್ನಲ್ ಅಳೆಯುವ ವಿಧಾನ) ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ನನ್ನದು ಪಿಎಚ್‌ಡಿ ಕೆಲಸ. ಆಕ್ಸಿಜನ್ ಕಡಿಮೆ ಇರುವ ವೈಬಿಸಿಒ (ಇಟ್ರಿಯಮ್, ಬೇರಿಯಮ್, ತಾಮ್ರದ ಆಕ್ಸೈಡ್, ಒಂದು ಸೂಪರ್‌ಕಂಡಕ್ಟರ್) ಪುಡಿ, ತಾಮ್ರದ ಪದರಗಳಲ್ಲಿ ಸುಮಾರು 1% ಜಿಂಕ್. ಜಿಂಕ್‌ಗೆ ಸ್ವಂತ ಮ್ಯಾಗ್ನೆಟಿಕ್ ಮೊಮೆಂಟ್ (ಪುಟ್ಟ ಅಯಸ್ಕಾಂತದಂಥ ಗುಣ) ಇಲ್ಲ. ಆದರೂ ಸುತ್ತಲಿನ ತಾಮ್ರಗಳ ಮೇಲೆ ಮೊಮೆಂಟ್ ಹುಟ್ಟಿಸುತ್ತದೆ, ಮಜಾ ಇರುವುದೇ ಅಲ್ಲಿ. ಅದನ್ನು ಇಟ್ರಿಯಮ್-89ರ ಮೂಲಕ ನೋಡುತ್ತಿದ್ದೇನೆ. ಅದರ ನ್ಯೂಕ್ಲಿಯಸ್ ಸ್ಪಿನ್ 1/2 ಆದ್ದರಿಂದ, ಸುತ್ತಲಿನ ವಿದ್ಯುತ್ ಕ್ಷೇತ್ರದಿಂದ ಗೆರೆ ಒಡೆಯುವ ಕ್ವಾಡ್ರುಪೋಲ್ ಕಾಟ ಇಲ್ಲ.

ಸ್ಪೆಕ್ಟ್ರಮ್‌ನಲ್ಲಿ ಮುಖ್ಯ ಗೆರೆಯ ಪಕ್ಕದಲ್ಲಿ ಒಂದು ಸಣ್ಣ ಉಬ್ಬು ಕಾಣುತ್ತಿದೆ, ಜಿಂಕ್ ಪಕ್ಕದ ಇಟ್ರಿಯಮ್‌ಗಳದ್ದು ಅಂದುಕೊಂಡಿದ್ದೇನೆ. ತಣ್ಣಗೆ ಮಾಡಿದಷ್ಟೂ ದೂರ ಸರಿಯುತ್ತದೆ. ಒಂದು ಇಟ್ರಿಯಮ್‌ಗೆ 8 ತಾಮ್ರ ನೆರೆಯವು, ಹಾಗಾಗಿ ಸುಮಾರು 8% ಇಟ್ರಿಯಮ್ ಜಿಂಕ್ ಪಕ್ಕದಲ್ಲಿರಬೇಕು. ಉಬ್ಬಿನಲ್ಲಿ ನನಗೆ ಸಿಗುತ್ತಿರುವ ತೀವ್ರತೆ ಅದಕ್ಕಿಂತ ಜಾಸ್ತಿ.

ಜಿಂಕ್ ಹತ್ತಿರದ ನ್ಯೂಕ್ಲಿಯಸ್‌ಗಳು ಬೇಗ ರಿಲ್ಯಾಕ್ಸ್ ಆಗುತ್ತವೆ, ಅಂದರೆ ಪಲ್ಸ್ ಆದಮೇಲೆ ಬೇಗ ಮೊದಲಿನ ಸ್ಥಿತಿಗೆ ಮರಳುತ್ತವೆ. ನಾನು ಪಲ್ಸ್‌ಗಳನ್ನು ಬೇಗ ಬೇಗ ಕೊಡುತ್ತಿರುವುದರಿಂದ ಮುಖ್ಯ ಗೆರೆ ಪೂರ್ತಿ ಚೇತರಿಸಿಕೊಳ್ಳದೆ ಕುಗ್ಗುತ್ತಿದೆಯಾ? ಕಾಯುವ ಸಮಯ ಹೆಚ್ಚಿಸೋಣ ಅಂದರೆ ಒಂದು ಸ್ಪೆಕ್ಟ್ರಮ್‌ಗೇ ರಾತ್ರಿಯೆಲ್ಲ ಬೇಕು, ಹೀಲಿಯಮ್ ಸುಮ್ನೆ ಖರ್ಚಾಗುತ್ತದೆ.

ಇನ್ನೊಂದು ತಲೆನೋವು: 7 ಟೆಸ್ಲಾದಲ್ಲಿ ಸಿಗ್ನಲ್ 14.6 ಮೆಗಾಹರ್ಟ್ಜ್ ಆಸುಪಾಸು. ಇಷ್ಟು ಕೆಳಗಿನ ಆವರ್ತನದಲ್ಲಿ ಕಾಯಿಲ್ ರಿಂಗಿಂಗ್ (ಪಲ್ಸ್ ನಿಂತಮೇಲೂ ಕಾಯಿಲ್‌ನಲ್ಲಿ ಉಳಿಯುವ ಸದ್ದು) ಜೋರು. ಎಕೋ (ಎರಡನೇ ಪಲ್ಸ್ ಆದಮೇಲೆ ಮರಳಿ ಬರುವ ಸಿಗ್ನಲ್) ತೆಗೆದು, ಫೇಸ್ ಸೈಕ್ಲಿಂಗ್ (ಪಲ್ಸ್ ಫೇಸ್ ಬದಲಿಸುತ್ತಾ ಬೇಡದ್ದನ್ನು ಕಳೆಯುವುದು) ಮಾಡಿದರೂ ಬೇಸ್‌ಲೈನ್ ಅಲೆಅಲೆಯಾಗಿದೆ. ಉಬ್ಬಿನ ಅಳತೆ ಕೆಡಲು ಅದೂ ಸಾಕಲ್ವಾ?

ಮುಖ್ಯ ಗೆರೆ, ಉಬ್ಬು ಎರಡರ ಟಿ1 (ರಿಲ್ಯಾಕ್ಸ್ ಆಗಲು ಬೇಕಾದ ಸಮಯ) ಬೇರೆ ಬೇರೆ ಅಳೆದು ತೀವ್ರತೆ ಸರಿಪಡಿಸಿದರೆ ನಂಬಬಹುದಾ? ಇಲ್ಲ ಜಿಂಕ್ ಬದಲು ಲಿಥಿಯಮ್ ಬೆರೆಸಿ, ಲಿಥಿಯಮ್-7ರಲ್ಲೇ ನೇರವಾಗಿ ನೋಡುವುದು ಮೇಲಾ? ಮಾಡಿದವರು ಹೇಳಿ, ಪ್ಲೀಸ್. ಸ್ಪೆಕ್ಟ್ರಮ್ ಬೇಕಿದ್ದರೆ ಕಳಿಸುತ್ತೇನೆ.