ಸಹಾಯ ಬೇಕು: ದೊಡ್ಡ ಆಟಗಾರ ಸೋತಾಗ ಬಳಸುವ ಮಾತುಗಳು

ಎಲ್ಲರಿಗೂ ನಮಸ್ಕಾರ. ಮಕ್ಕಳ ಕೈಬರಹದ ಪತ್ರಿಕೆಗೆ 2013ರ ಚೆನ್ನೈ ವಿಶ್ವ ಚೆಸ್ ಪಂದ್ಯದ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ವಿಶ್ವನಾಥನ್ ಆನಂದ್ ಅವರಿಗೆ ಆಗ 43 ವರ್ಷ, ಎದುರಾಳಿ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್‌ಗೆ 22. ಹತ್ತು ಆಟದಲ್ಲಿ ಏಳು ಡ್ರಾ, ಉಳಿದ ಮೂರೂ ಕಾರ್ಲ್‌ಸನ್ ಪಾಲು. ಆನಂದ್ ಒಂದನ್ನೂ ಗೆಲ್ಲಲಿಲ್ಲ. ಆದರೆ ಅವರು ಕೆಟ್ಟ ಆಟಗಾರ ಅಂತಲ್ಲ, ಎದುರಿಗಿದ್ದವನ ಬಲ ಜಾಸ್ತಿ ಇತ್ತು, ಅಷ್ಟೇ ಅಲ್ವಾ?

ಇದನ್ನು ಹೇಳೋ ಮಾತೇ ಸಿಗುತ್ತಿಲ್ಲ. ‘ಮಣ್ಣು ಮುಕ್ಕಿದರು’, ‘ನೆಲ ಕಚ್ಚಿದರು’ ಅಂದರೆ ಅವಮಾನ ಮಾಡಿದಂತೆ. ‘ಶರಣಾದರು’ ಅಂದರೆ ಹೋರಾಡದೆ ಬಿಟ್ಟುಕೊಟ್ಟಂತೆ. ‘ಮಣಿದರು’ ಪರವಾಗಿಲ್ಲ, ಆದರೆ ಪತ್ರಿಕೆಗಳು ಅದನ್ನು ಸಿಕ್ಕಸಿಕ್ಕಲ್ಲಿ ಬಳಸಿ ಸವೆಸಿಬಿಟ್ಟಿವೆ. ‘ಸೇರಿಗೆ ಸವ್ವಾಸೇರು’ ನನಗಿಷ್ಟ, ಆದರೆ ಅದರಲ್ಲಿ ಸ್ವಲ್ಪ ಕುಚೋದ್ಯ ಇದೆ. ಸದ್ಯಕ್ಕೆ ‘ಕಾರ್ಲ್‌ಸನ್ ಕೈ ಮೇಲಾಯಿತು’ ಅಂತ ಬರೆದಿದ್ದೇನೆ. ಅದು ಗೆದ್ದವನ ಕಡೆಯ ಮಾತು. ಸೋತವರ ಕಡೆಯಿಂದ, ಮರ್ಯಾದೆ ಉಳಿಸಿ ಹೇಳೋದು ಹೇಗೆ?

ಗರಡಿ ಮನೆ, ಕಬಡ್ಡಿ, ಕಂಬಳದ ಕಡೆಯವರು ಯಾರಾದರೂ ಇದ್ದರೆ ನಿಮ್ಮೂರಲ್ಲಿ ಏನಂತೀರಿ ತಿಳಿಸಿ. ಯಾವ ಜಿಲ್ಲೆಯ ಮಾತು ಅಂತಲೂ ಬರೆಯಿರಿ. ‘ಮೀಸೆ ಮಣ್ಣಾಗಲಿಲ್ಲ’ ಗಾದೆ ಮಾತ್ರ ಬೇಡ, ಅದು ಸೋಲು ಒಪ್ಪದವರನ್ನು ಆಡಿಕೊಳ್ಳೋಕೆ ಇರೋದು. ಆನಂದ್ ಅಂಥವರಲ್ಲ.