ಕೂಲಂಬ್ ಲೆಕ್ಕ, ಹಬಲ್ ಲೆಕ್ಕ ಎರಡರಲ್ಲೂ ಸಿಕ್ಕಾಕ್ಕೊಂಡೀನಿ

ಪಿಯು ಸ್ಟೂಡೆಂಟ್, ದಾವಣಗೆರೆ:
ತಲಾ 1 ಮೈಕ್ರೋಕೂಲಂಬ್ ಚಾರ್ಜ್ ಇರೋ ಎರಡು ಗುಂಡು, ನಡುವೆ 30 ಸೆಂ.ಮೀ., ಬಲ ಎಷ್ಟು ಅಂತ ಕೇಳ್ಯಾರೆ, ನಾನು ಮಾಡಿದ್ರೆ 0.00001 ನ್ಯೂಟನ್ ಬರ್ತೈತಿ, ಬುಕ್ಕಲ್ಲಿ 0.1 ಐತಿ. ಇನ್ನೊಂದು, ದೂರದ ಗ್ಯಾಲಕ್ಸಿಗಳೆಲ್ಲ ನಮ್ಮಿಂದ ದೂರ ಹೋಗ್ತಾವೆ ಅಂದ್ರೆ ನಾವೇ ನಟ್ಟನಡುವೆ ಇದೀವಾ?

ಚಳ್ಳಕೆರೆಯವ:
ತಮ್ಮಾ, ಸೆಂ.ಮೀ.ನ ಮೀಟರ್ ಮಾಡಿಲ್ಲ ನೀನು. 0.3ರ ವರ್ಗ 0.09, ಮೇಲೆ ಕೂಲಂಬ್ ಸ್ಥಿರಾಂಕ 9×10⁹ ಇಂಟು ಎರಡೂ ಚಾರ್ಜ್ ಅಂದ್ರೆ 0.009, ಭಾಗಿಸು, 0.1 ಬಂತು. ಚಾರ್ಜ್ ಕಣ್ಣಾರೆ ನೋಡ್ಬೇಕಂದ್ರೆ ಚಳಿಗಾಲದಾಗ ಲೈಟ್ ಆಫ್ ಮಾಡಿ ಉಣ್ಣೆ ಕಂಬಳಿ ಜಗ್ಗು, ಚಿಟಚಿಟ ಅಂತ ಸಣ್ಣ ನೀಲಿ ಕಿಡಿ ಹಾರ್ತಾವೆ, ಗಾಳಿ ಒಣಗಿರ್ತೈತಲ್ಲ ಅದಕ್ಕೆ ಚಾರ್ಜ್ ಸೋರಿ ಹೋಗಲ್ಲ, ಮಳೆಗಾಲದಾಗ ಇಷ್ಟು ಕಾಣಲ್ಲ.

ಫಿಸಿಕ್ಸ್ ಮೇಷ್ಟ್ರು, ಚಿತ್ರದುರ್ಗ:
ಎರಡನೇದು ಬಹಳ ಚಲೋ ಪ್ರಶ್ನೆ. ನಡುವೆ ಅಂತ ಒಂದು ಜಾಗನೇ ಇಲ್ಲಪ್ಪ. ಬಲೂನ್ ಮೇಲೆ ಪೆನ್ನಿಂದ ಚುಕ್ಕಿ ಇಟ್ಟು ಊದಿ ನೋಡು, ಯಾವ ಚುಕ್ಕಿಯಿಂದ ನೋಡಿದ್ರೂ ಉಳಿದವೇ ದೂರ ಸರಿತಾವೆ, ದೂರದ್ದು ಇನ್ನೂ ಜೋರಾಗಿ. ಖಗೋಳ ವಿಜ್ಞಾನಿ ಹಬಲ್ 1929ರಲ್ಲಿ ತೋರಿಸಿದ್ದು ಇದನ್ನೇ, ಗ್ಯಾಲಕ್ಸಿ ಎಷ್ಟು ದೂರನೋ ಅಷ್ಟು ಜೋರಾಗಿ ಸರಿತೈತಿ ಅಂತ. ಹಬಲ್ ಸ್ಥಿರಾಂಕ 70, ಅಂದ್ರೆ ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷ) ಸೆಕೆಂಡಿಗೆ 70 ಕಿ.ಮೀ. ಅಂತ ಹಿಡಿದ್ರೆ, 100 ಮೆಗಾಪಾರ್ಸೆಕ್ ದೂರದ ಗ್ಯಾಲಕ್ಸಿ ಸೆಕೆಂಡಿಗೆ 7000 ಕಿ.ಮೀ. ವೇಗದಲ್ಲಿ ದೂರ ಸರಿತೈತಿ.

ಪಿಯು ಸ್ಟೂಡೆಂಟ್, ದಾವಣಗೆರೆ:
ಥ್ಯಾಂಕ್ಸ್ ಸರ್, ಅಣ್ಣಾ. ಮಂಡಕ್ಕಿ ಸುರಿದಾಗ ಕಡೇ ನಾಲ್ಕು ಕಾಳು ಪ್ಲಾಸ್ಟಿಕ್ ಕವರಿಗೆ ಅಂಟಿರ್ತಾವಲ್ಲ, ಅದೂ ಈ ಚಾರ್ಜ್ ಆಟನೇನಾ?

ಚಳ್ಳಕೆರೆಯವ:
ಹೂಂ, ಅದೂ ಇದೇ.