ಮೊನೆ ಭಾರದ ಅಗ್ಗದ ಕತ್ತಿ: ಹಿಡಿಗೆ ಸೀಸ ತುಂಬಲೇ, ಅಲಗನ್ನೇ ಸವೆಸಲೇ?

ರಾಣೆಬೆನ್ನೂರು ರೊಟ್ಟಿ ಕೇಳಿದ್ದು:

ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಕಳೆದ ಚಳಿಗಾಲದಲ್ಲಿ 120 ಡಾಲರ್ ಕೊಟ್ಟು, 1796ರ ಬ್ರಿಟಿಷ್ ಲಘು ಅಶ್ವದಳದ ಸೇಬರ್ ಎಂಬ ಬಾಗಿದ ಕತ್ತಿಯ ನಕಲೊಂದನ್ನು ತರಿಸಿಕೊಂಡೆ. ಪೆಟ್ಟಿಗೆ ಬಿಚ್ಚಿದರೆ ‘ಭಾರತದಲ್ಲಿ ತಯಾರಾದದ್ದು’ ಎಂಬ ಚೀಟಿ ಸಿಕ್ಕಿತು. ನಮ್ಮ ದೇಶದ ಸಾಮಾನು ಏಳು ಸಮುದ್ರ ದಾಟಿ ಬಂದು ನಮ್ಮವನ ಕೈಗೇ ಸೇರಿತು ಎಂದು ಹೆಂಡತಿ ಇವತ್ತಿಗೂ ನಗುತ್ತಾಳೆ.

ನೋಡಲು ಲಕ್ಷಣವಾಗಿದೆ. ಬೀಸಿದಾಗಲೇ ಅದರ ಬಂಡವಾಳ ಬಯಲಾಗುವುದು. ಹಿತ್ತಲಿನಲ್ಲಿ ಹಾಲಿನ ಖಾಲಿ ಪ್ಲಾಸ್ಟಿಕ್ ಡಬ್ಬಿಗಳಿಗೆ ನೀರು ತುಂಬಿಟ್ಟು ಕತ್ತರಿಸುತ್ತೇನೆ. ಏಟು ಗುರಿ ತಪ್ಪಿತೆಂದರೆ ಕತ್ತಿ ನಿಲ್ಲುವುದಿಲ್ಲ, ನನ್ನನ್ನೂ ಎಳೆದುಕೊಂಡು ಹೋಗುತ್ತದೆ. ತುಂಬಿದ ಕೊಡ ಸೇದುವಾಗ ಹಗ್ಗ ಜಾರಿ ಮಣಿಕಟ್ಟು ಜಗ್ಗಿದಂತಾಗುತ್ತದೆ.

ಅಳತೆಗಳು ಹೀಗಿವೆ. ತೂಕ 1,085 ಗ್ರಾಂ, ಅಲಗಿನ ಉದ್ದ 83 ಸೆಂ.ಮೀ. ದಪ್ಪ ಕೈಗಾಪಿನ ಬಳಿ 5.2 ಮಿ.ಮೀ., ನಡುವೆ 4.8, ಮೊನೆಗೆ 5 ಸೆಂ.ಮೀ. ಇರುವಾಗ 4.1. ಬೆರಳ ಮೇಲಿಟ್ಟರೆ ಕೈಗಾಪಿನಿಂದ 21 ಸೆಂ.ಮೀ. ದೂರದಲ್ಲಿ ತೂಗಿ ನಿಲ್ಲುತ್ತದೆ. ಹಿಡಿಯೊಳಗೆ ಸೀಸ ತುಂಬಿದರೆ ಸರಿಹೋದೀತೇ? ಅಥವಾ ಅಲಗನ್ನೇ ಸಾಣೆ ಹಿಡಿದು ಸವೆಸಬೇಕೇ? ನನ್ನ ಬಳಿ ಇರುವುದು ಮರಗೆಲಸಕ್ಕೆ ಕೊಂಡ ಒಂದಿಂಚು ಅಗಲದ ಚಿಕ್ಕ ಬೆಲ್ಟ್ ಗ್ರೈಂಡರ್ ಮಾತ್ರ.

ತೀರ್ಥಹಳ್ಳಿ ಮಚ್ಚು ಬರೆದದ್ದು:

ಸೀಸದ ಯೋಚನೆ ಬಿಡಿ. ನಾನೂ ಒಮ್ಮೆ ಆ ತಪ್ಪು ಮಾಡಿ ಕೈಸುಟ್ಟುಕೊಂಡಿದ್ದೇನೆ. ಹಿಡಿಗೆ ಭಾರ ಹಾಕಿದರೆ ತೂಗಿ ನಿಲ್ಲುವ ಬಿಂದು ಹಿಂದಕ್ಕೆ ಬರುತ್ತದೆ, ನಿಜ. ಆದರೆ ಮೊನೆಯಲ್ಲಿರುವ ಕಬ್ಬಿಣ ಅಲ್ಲಿಯೇ ಇರುತ್ತದೆಯಲ್ಲ! ಕತ್ತಿಯನ್ನು ತಿರುಗಿಸುವಾಗ ಕೈಗೆ ತಿಳಿಯುವ ಭಾರ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೈಯಿಂದ 10 ಸೆಂ.ಮೀ. ದೂರದ ಹತ್ತು ಗ್ರಾಂಗಿಂತ 80 ಸೆಂ.ಮೀ. ದೂರದ ಹತ್ತು ಗ್ರಾಂ 64 ಪಟ್ಟು ಕಾಡುತ್ತದೆ. ಸೀಸ ತುಂಬಿದ ಮೇಲೆ ಆ ಕಾಟವೂ ಉಳಿಯುತ್ತದೆ, ಒಟ್ಟು ತೂಕವೂ ಏರುತ್ತದೆ. ಬೆರಳ ಮೇಲಿಟ್ಟು ನೋಡಿದಾಗ ಮಾತ್ರ ಕತ್ತಿ ಸಂಭಾವಿತವಾಗಿ ಕಾಣುತ್ತದೆ.

ನಾನು ಜರ್ಮನಿಯಲ್ಲಿ ಸೇಬರ್ ಅಭ್ಯಾಸ ಮಾಡುವವನು. ಇಲ್ಲಿನ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರ ಬಳಿ ಈ ಮಾದರಿಯ ಅಸಲಿ ಕತ್ತಿಯೊಂದನ್ನು ಕ್ಯಾಲಿಪರ್ ಹಿಡಿದು ಅಳೆದಿದ್ದೆ. ಬುಡದಲ್ಲಿ ಸುಮಾರು 9 ಮಿ.ಮೀ., ಮೊನೆಯ ಹತ್ತಿರ 2ಕ್ಕೂ ಸ್ವಲ್ಪ ಕಡಿಮೆ. ತೂಕ 940 ಗ್ರಾಂ. ಮೊನೆಯ ಕಡೆ ಅಲಗು ಕೊಡಲಿಯಂತೆ ಅಗಲವಾಗುತ್ತದೆ, ಆದರೆ ಎಲೆಯಂತೆ ತೆಳ್ಳಗಿರುತ್ತದೆ. ಬ್ರಿಟಿಷ್ ಅಶ್ವದಳದ ಅಧಿಕಾರಿ ಲೆ ಮಾರ್ಷಾಂಟ್ ರೂಪಿಸಿದ ಈ ಕತ್ತಿಯ ಮರ್ಮವೇ ಅದು. ಅಗ್ಗದ ನಕಲು ಮಾಡುವವರು 5 ಮಿ.ಮೀ. ಪಟ್ಟಿಯಿಂದ ಹೊರಗೆರೆಯನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ. ಅಗಲ ಬಂತು, ತೆಳುವು ಬರಲಿಲ್ಲ.

ಬುಡದ 5 ಮಿ.ಮೀ. ಅನ್ನು 9 ಮಾಡಲು ನಿಮ್ಮಿಂದಾಗದು. ಆದ್ದರಿಂದ ಬುಡವನ್ನು ಮುಟ್ಟಲೇಬೇಡಿ. ಕೊನೆಯ 28 ಸೆಂ.ಮೀ. ಮಾತ್ರ ನಿಮ್ಮದು. ಅಲ್ಲಿಂದ ಕ್ರಮೇಣ ಇಳಿಸುತ್ತಾ ಬಂದು, ಮೊನೆಯ ಬಳಿ 4.1 ಇರುವುದನ್ನು 2.4ಕ್ಕೆ ತನ್ನಿ. ನನ್ನ ಲೆಕ್ಕದಲ್ಲಿ 45–50 ಗ್ರಾಂ ಹೋಗುತ್ತದೆ. ಅಷ್ಟೇನಾ ಎಂದು ಮೂಗು ಮುರಿಯಬೇಡಿ, ಬೀಸಿ ನೋಡಿ. ಅಂಚನ್ನು ಕೊನೆಯವರೆಗೂ ಒಂದು ಮಿ.ಮೀ. ಮೊಂಡಾಗಿಯೇ ಇಡಿ. ಹರಿತ ಮಾಡುವಾಗಲೂ ಕಾರ್ಖಾನೆಯವರ ಹಾಗೆ ಅಂಚಿನಲ್ಲಿ ಇನ್ನೊಂದು ಇಳಿಜಾರು ಕೊರೆಯದೆ, ಸೇಬಿನ ಬೀಜದಂತೆ ಉಬ್ಬಾಗಿ ಬೆರೆಸಿಬಿಡಿ.

ಪೀಣ್ಯದ ಸಾಣೆ ಬರೆದದ್ದು:

ಕತ್ತಿಯ ವಿಷಯ ನನಗೆ ತಿಳಿಯದು. ಗ್ರೈಂಡಿಂಗ್ ತಿಳಿದಿದೆ, ಮೂವತ್ತು ವರ್ಷ ಟೂಲ್ ರೂಮಿನಲ್ಲಿ ಅದನ್ನೇ ಮಾಡಿದವನು. ಎಲ್ಲಕ್ಕಿಂತ ಮೊದಲು ಆ ಯಂತ್ರದೊಳಗಿನ ಮರದ ಹೊಟ್ಟನ್ನು ಪೂರ್ತಿ ಗುಡಿಸಿ ತೆಗೆಯಿರಿ. ಉಕ್ಕಿನ ಕಿಡಿ ಹೊಟ್ಟಿಗೆ ಬಿದ್ದರೆ ನೀವು ಊಟಕ್ಕೆ ಹೋದಾಗ ಹೊತ್ತಿಕೊಳ್ಳುತ್ತದೆ.

ಇನ್ನು ಶಾಖದ ಮಾತು. ತೆಳುವಾದ ಕಡೆ ಬೇಗ ಕಾಯುತ್ತದೆ, ಅಂದರೆ ನೀವು ಕೆಲಸ ಮಾಡುವ ಮೊನೆಯೇ ಮೊದಲು ಕೆಡುವುದು. ಉಕ್ಕಿಗೆ ಒಣಹುಲ್ಲಿನ ಹಳದಿ ಬಣ್ಣ ಬಂದರೆ ಸುಮಾರು 230 ಡಿಗ್ರಿ ಸೆಲ್ಸಿಯಸ್, ನೀಲಿ ತಿರುಗಿದರೆ 300ರ ಆಸುಪಾಸು. ನಿಮ್ಮ ಅಲಗಿಗೆ ಯಾವ ಶಾಖದಲ್ಲಿ ಹದ ಕೊಟ್ಟಿದ್ದಾರೋ ಗೊತ್ತಿಲ್ಲ, ಹಾಗಾಗಿ ಯಾವ ಬಣ್ಣವೂ ಬರುವುದು ಬೇಡ. ಬಕೆಟ್‌ನಲ್ಲಿ ನೀರಿಡಿ. ಕೈಗವಸು ಬೇಡ, ಬೆಲ್ಟಿಗೆ ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಅಂಚು ಮೊಂಡಿರುವುದರಿಂದ ಬರಿಗೈಯಲ್ಲೇ ಹಿಡಿಯಿರಿ. ಬೆರಳಿಗೆ ಬಿಸಿ ತಡೆಯದಾದ ಕೂಡಲೇ ನೀರಿಗೆ ಅದ್ದಿ. ಸವೆದ ಬೆಲ್ಟಿನಲ್ಲಿ ಒತ್ತಿ ಉಜ್ಜುವ ಜಿಪುಣತನ ಮಾಡಬೇಡಿ, ಶಾಖ ಹುಟ್ಟುವುದೇ ಅಲ್ಲಿ.

ಪ್ರತಿ 5 ಸೆಂ.ಮೀ.ಗೆ ಮಾರ್ಕರಿನಿಂದ ಗೆರೆ ಹಾಕಿಕೊಳ್ಳಿ. ಒಂದು ಮಗ್ಗುಲಿಗೆ ಐದು ಎಳೆತ, ತಿರುಗಿಸಿ ಇನ್ನೊಂದಕ್ಕೆ ಐದು. ಪ್ರತಿ ಸುತ್ತಿಗೂ ಅಳೆಯಿರಿ. ಒಂದೇ ಕಡೆ ಉಜ್ಜುತ್ತಾ ಕೂತರೆ ಅಂಚು ನಡುಗೆರೆ ಬಿಟ್ಟು ಪಕ್ಕಕ್ಕೆ ಹೋಗುತ್ತದೆ.

ರಾಣೆಬೆನ್ನೂರು ರೊಟ್ಟಿ, ಮೂರು ವಾರಗಳ ನಂತರ:

ನಾಲ್ಕು ಶನಿವಾರ, ಹನ್ನೊಂದು ಬೆಲ್ಟು. 60ರ ಒರಟು ಬೆಲ್ಟಿನಿಂದ ಶುರುಮಾಡಿ ನುಣುಪಾದ 120, 220ಕ್ಕೆ ಬಂದೆ. ಈಗ ತೂಕ 1,033 ಗ್ರಾಂ, ತೂಗುವ ಬಿಂದು 18.5 ಸೆಂ.ಮೀ. ಹೋದದ್ದು ಬರೀ 52 ಗ್ರಾಂ, ಒಂದು ಕೋಳಿಮೊಟ್ಟೆಯಷ್ಟು. ಆದರೆ ಮೊನ್ನೆ ಬೇಕೆಂದೇ ಡಬ್ಬಿ ತಪ್ಪಿಸಿ ಬೀಸಿದೆ, ಕತ್ತಿ ಹೇಳಿದಲ್ಲಿ ನಿಂತಿತು. ಮರುಕ್ಷಣವೇ ಹಿಂದಿರುಗಿಸಿ ಬೀಸಿದರೆ ಡಬ್ಬಿ ಎರಡಾಯಿತು, ಕೆಳಗಿನ ತುಂಡು ಸ್ಟೂಲಿನ ಮೇಲೆ ಕದಲದೆ ಕೂತಿತ್ತು. ಮಣಿಕಟ್ಟು ನೋಯುವುದಿಲ್ಲ.

ಎಡವಟ್ಟುಗಳೂ ಆಗಿವೆ. ಮೊನೆಯಿಂದ 9 ಸೆಂ.ಮೀ. ಹಿಂದೆ ಫೋನ್ ಕರೆಗೆ ಒಂದು ಕ್ಷಣ ಕೈ ನಿಲ್ಲಿಸಿದೆ, ಅಲ್ಲೊಂದು ತಗ್ಗು ಬಿತ್ತು. ಕಣ್ಣಿಗೆ ಕಾಣದು, ಬೆರಳಿಗೂ ಸಿಗದು. ಟ್ಯೂಬ್‌ಲೈಟಿನ ಪ್ರತಿಬಿಂಬ ಮಾತ್ರ ಅಲ್ಲಿಗೆ ಬಂದಾಗ ಹಾವಿನಂತೆ ಬಳುಕುತ್ತದೆ. ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ, ಎಣ್ಣೆ ಹಚ್ಚಿ, ಉದ್ದುದ್ದಕ್ಕೆ ಎರಡು ಸಂಜೆ ಉಜ್ಜಿದ ಮೇಲೆ ಅರ್ಧ ತಗ್ಗಿದೆ. ಕನ್ನಡಿ ಹೊಳಪಿನ ಆಸೆ ಬಿಟ್ಟು 400ಕ್ಕೆ ನಿಲ್ಲಿಸಿದೆ. ಮಂಕು ಬೂದು ಬಣ್ಣವೇ ಚೆನ್ನ, ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಅಲಗಿನ ನಡುವಿನ ತೋಡು ಬಲಮಗ್ಗುಲಲ್ಲಿ 3 ಸೆಂ.ಮೀ. ಗಿಡ್ಡವಾಯಿತು, ಎಡಕ್ಕೆ ಎರಡೇ.

ಒಂದು ಹೊಸ ತಕರಾರು: ತೆಳುವಾದ ಅಲಗು ಈಗ ಉಕ್ಕಿನ ಒರೆಯೊಳಗೆ ಗಲಗಲ ಎನ್ನುತ್ತದೆ. ಮಗಳು ದನದ ಗಂಟೆ ಎಂದು ಹೆಸರಿಟ್ಟಿದ್ದಾಳೆ.

ತೀರ್ಥಹಳ್ಳಿ ಮಚ್ಚು ಬರೆದದ್ದು:

ಅಸಲಿ ಒರೆಗಳ ಒಳಗೆ ಮರದ ತೆಳು ಪಟ್ಟಿಗಳಿರುತ್ತಿದ್ದವು. ನಿಮ್ಮದರಲ್ಲಿ ಅದನ್ನೂ ಉಳಿತಾಯ ಮಾಡಿದ್ದಾರೆ. ಒರೆಯ ಬಾಯಿಯ ಸ್ಕ್ರೂ ಬಿಚ್ಚಿ, ಎರಡು ಮಿ.ಮೀ. ದಪ್ಪದ ಪಟ್ಟಿ ಎರಡನ್ನು ಮೊದಲು ಅಂಟಿಲ್ಲದೆ ಇಳಿಸಿ ನೋಡಿ. ಓಕ್ ಮರ ಮಾತ್ರ ಬೇಡ, ಅದರ ಹುಳಿಗೆ ಅಲಗು ತುಕ್ಕು ಹಿಡಿಯುತ್ತದೆ.